ಸಾಲೊಮನ್ ಲಿಂಡಾ ಪ್ರಕರಣ: ಧ್ವನಿಮುದ್ರಣದ ಕರಾರು ಮತ್ತು ಜನಪದ ಕರ್ತೃತ್ವದ ಪ್ರಶ್ನೆ

ಪ್ರಸ್ತಾವನೆ

ಜನಪದ ಗೀತೆಗೆ ಕರ್ತೃವಿಲ್ಲ, ಅದು ಸಮೂಹದ ಸೃಷ್ಟಿ ಎಂಬ ಮಾತನ್ನು ಜಾನಪದದ ವಿದ್ಯಾರ್ಥಿಗಳು ಮೊದಲ ಪಾಠದಲ್ಲಿಯೇ ಕಲಿಯುತ್ತಾರೆ. ಈ ಮಾತಿನಲ್ಲಿ ಬಹುಪಾಲು ಸತ್ಯವಿದೆ. ಆದರೆ ಅದನ್ನು ವಿವೇಚನೆಯಿಲ್ಲದೆ ಬಳಸಿದಾಗ ಏನಾಗಬಹುದು ಎಂಬುದನ್ನು ನಮ್ಮ ಶಾಸ್ತ್ರ ಅಷ್ಟಾಗಿ ಚರ್ಚಿಸಿಲ್ಲ. ಹಾಡನ್ನು ಕಟ್ಟಿದವನು ಬದುಕಿದ್ದಾಗಲೇ, ಅವನ ಹೆಸರು ಧ್ವನಿಮುದ್ರಿಕೆಯ ಮೇಲೆ ಅಚ್ಚಾಗಿದ್ದಾಗಲೇ, ಆ ಹಾಡನ್ನು ‘ಸಾಂಪ್ರದಾಯಿಕ’ ಎಂದು ಕರೆದುಬಿಟ್ಟರೆ ಅದರಿಂದ ಲಾಭ ಪಡೆಯುವವರು ಯಾರು, ನಷ್ಟ ಅನುಭವಿಸುವವರು ಯಾರು?

ಈ ಪ್ರಶ್ನೆಯನ್ನು ನ್ಯಾಯಾಲಯದ ಮೆಟ್ಟಿಲವರೆಗೆ ಒಯ್ದ ಒಂದು ಪ್ರಕರಣ ದಕ್ಷಿಣ ಆಫ್ರಿಕಾದಲ್ಲಿ ನಡೆದಿದೆ. ಜುಲು ಗಾಯಕ ಸಾಲೊಮನ್ ಲಿಂಡಾ 1939ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹಾಡಿದ ‘ಎಂಬೂಬೆ’ ಎಂಬ ಗೀತೆ ಮುಂದೆ ಅಮೆರಿಕದಲ್ಲಿ ‘ವಿಮೊವೆ’ ಎಂದೂ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಎಂದೂ ಹೆಸರು ಬದಲಿಸಿಕೊಂಡು ಜಗತ್ತನ್ನೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡತನದಲ್ಲಿ ತೀರಿಕೊಂಡನು. ಅವನ ವಾರಸುದಾರರ ಪರವಾಗಿ 2004ರಲ್ಲಿ ದಾವೆ ಹೂಡಲಾಯಿತು. 2006ರಲ್ಲಿ ಅದು ರಾಜಿಯಲ್ಲಿ ಕೊನೆಗೊಂಡಿತು. ಈ ಕಥೆಯನ್ನು ಸಾಮಾನ್ಯವಾಗಿ ಬಡ ಗಾಯಕನಿಗೆ ಕಂಪನಿಗಳು ಮಾಡಿದ ಮೋಸದ ಕಥೆಯಾಗಿ ಹೇಳಲಾಗುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಅದಕ್ಕಿಂತ ಸ್ವಲ್ಪ ಬೇರೆ. ಲಿಂಡಾನ ಹೆಸರನ್ನು ಅಳಿಸಿದ್ದು ಎರಡು ಸಾಧನಗಳು. ಒಂದು, ಅವನೂ ಅವನ ಮನೆಯವರೂ ಸಹಿ ಮಾಡಿದ ಕಾಗದಗಳು. ಇನ್ನೊಂದು, ‘ಜನಪದ’ ಎಂಬ ವರ್ಗೀಕರಣ. ಮೊದಲನೆಯದಕ್ಕೆ ಕಾನೂನಿನಲ್ಲಿ ತಡವಾಗಿಯಾದರೂ ಒಂದು ಪರಿಹಾರ ದೊರೆಯಿತು. ಎರಡನೆಯದಕ್ಕೆ ಪರಿಹಾರ ಇರುವುದು ನ್ಯಾಯಾಲಯದಲ್ಲಲ್ಲ, ನಮ್ಮಂಥ ಸಂಗ್ರಾಹಕರ ಟಿಪ್ಪಣಿ ಪುಸ್ತಕದಲ್ಲಿ. ಇದನ್ನು ಸ್ಥಾಪಿಸುವುದು ಇಲ್ಲಿನ ಪ್ರಯತ್ನ.

ಗಾಯಕ ಮತ್ತು ಅವನ ಪರಿಸರ

ಸಾಲೊಮನ್ ಲಿಂಡಾ 1909ರಲ್ಲಿ ಆಗಿನ ನಟಾಲ್ ಪ್ರಾಂತದ ಎಂಸಿಂಗಾ ಪ್ರದೇಶದಲ್ಲಿ, ಪಾಮರಾಯ್ ಎಂಬ ಊರಿನ ಸಮೀಪ ಹುಟ್ಟಿದನು. ಮಿಷನ್ ಶಾಲೆಯಲ್ಲಿ ಕಲಿತನು. ಬಾಲ್ಯ ದನ ಕಾಯುವುದರಲ್ಲಿ ಕಳೆಯಿತು. ದನಗಳ ಮೇಲೆ ಬೀಳುತ್ತಿದ್ದ ಸಿಂಹಗಳನ್ನು ಓಡಿಸಿದ ಬಾಲ್ಯದ ನೆನಪೇ ಮುಂದೆ ಅವನ ಪ್ರಸಿದ್ಧ ಗೀತೆಗೆ ವಸ್ತುವಾಯಿತೆಂದು ಹೇಳಲಾಗುತ್ತದೆ. ‘ಎಂಬೂಬೆ’ ಎಂದರೆ ಜುಲು ಭಾಷೆಯಲ್ಲಿ ಸಿಂಹ.

1913ರ ಭೂಕಾಯಿದೆ ಕರಿಯರ ಭೂಮಿಯ ಹಕ್ಕನ್ನು ದೇಶದ ಅತ್ಯಲ್ಪ ಭಾಗಕ್ಕೆ ಸೀಮಿತಗೊಳಿಸಿತ್ತು. ಆದಕಾರಣ ಹಳ್ಳಿಗಳ ಯುವಕರು ಗಣಿಗಳಿಗೂ ನಗರಗಳಿಗೂ ಗುಳೆ ಹೋಗುವುದು ಅನಿವಾರ್ಯವಾಯಿತು. 1931ರ ಹೊತ್ತಿಗೆ ಲಿಂಡಾನೂ ಜೋಹಾನ್ಸ್‌ಬರ್ಗ್ ಸೇರಿದನು. ಅಲ್ಲಿ ಗುಳೆ ಬಂದ ಗಂಡಸರು ವಸತಿಗೃಹಗಳಲ್ಲಿ ತಂಗುತ್ತಿದ್ದರು. ವಾರದ ಕೊನೆಯಲ್ಲಿ ಊರೂರಿನ ತಂಡಗಳು ಇಡೀ ರಾತ್ರಿ ಪಂದ್ಯ ಕಟ್ಟಿ ಹಾಡುತ್ತಿದ್ದವು. ನಮ್ಮ ಹರದೇಶಿ ನಾಗೇಶಿ ಮೇಳಗಳ ಸವಾಲು ಜವಾಬು ಬಲ್ಲವರಿಗೆ ಈ ಸ್ಪರ್ಧೆಯ ಬಿಸಿಯನ್ನು ಊಹಿಸುವುದು ಕಷ್ಟವಾಗದು. ಇಂಥ ಪಂದ್ಯಗಳಲ್ಲಿ ‘ಈವನಿಂಗ್ ಬರ್ಡ್ಸ್’ ಎಂಬ ತಂಡದ ನಾಯಕನಾಗಿ ಲಿಂಡಾ ಹೆಸರಾದನು. ಪಟ್ಟೆ ಪಟ್ಟೆಯ ಸೂಟು, ಎರಡು ಬಣ್ಣದ ಬೂಟು ಈ ತಂಡದ ವೇಷವಾಗಿದ್ದವು. ಮಂದ್ರ ಸ್ಥಾಯಿಗೆ ಒಬ್ಬನ ಬದಲು ಹಲವು ಗಾಯಕರನ್ನು ನಿಲ್ಲಿಸಿ, ಅವರ ಮೇಲೆ ತಾರಸ್ಥಾಯಿಯಲ್ಲಿ ತಾನು ಹಾಡುವುದು ಲಿಂಡಾ ತಂದ ಹೊಸತನವೆಂದು ಸಂಗೀತ ಸಂಶೋಧಕರು ಗುರುತಿಸಿದ್ದಾರೆ. ಅವನು ತನ್ನ ಜನರ ನಡುವೆ ನಿಜವಾದ ಅರ್ಥದಲ್ಲಿ ತಾರೆಯಾಗಿದ್ದನು ಎಂಬುದನ್ನು ಗಮನಿಸಬೇಕು. ಮುಂದೆ ಅವನನ್ನು ಅನಾಮಿಕ ಜನಪದ ಗಾಯಕನೆಂಬಂತೆ ನಡೆಸಿಕೊಂಡದ್ದು ಈ ಹಿನ್ನೆಲೆಯಲ್ಲಿ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ.

ಎರಿಕ್ ಗ್ಯಾಲೊ ಎಂಬಾತನು 1926ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಗ್ರಾಮಫೋನ್ ವ್ಯಾಪಾರ ಆರಂಭಿಸಿ, 1930ರ ದಶಕದಲ್ಲಿ ಧ್ವನಿಮುದ್ರಣ ಕೇಂದ್ರವನ್ನೂ ತೆರೆದನು. ಅವನ ಕಂಪನಿಗೆ ಕರಿಯ ಕಲಾವಿದರನ್ನು ಹುಡುಕಿ ತರುತ್ತಿದ್ದವನು ಗ್ರಿಫಿತ್ಸ್ ಮೊತ್ಸಿಯೆಲೋವಾ. ಲಿಂಡಾನ ತಂಡ ಅವನ ಮೂಲಕ ಈ ಕೇಂದ್ರಕ್ಕೆ ಬಂದಿತು. ಲಿಂಡಾ ಅದೇ ಕಂಪನಿಯ ಕಾರ್ಖಾನೆಯಲ್ಲಿ ಮುದ್ರಿಕೆಗಳನ್ನು ಕಟ್ಟುವ ಕೆಲಸಗಾರನೂ ಆಗಿದ್ದನು. ಹಾಡುವ ಬಾಯಿ ಮತ್ತು ಹಾಡನ್ನು ಪೆಟ್ಟಿಗೆಗೆ ತುಂಬುವ ಕೈ ಎರಡೂ ಒಬ್ಬನವೇ. ಎರಡಕ್ಕೂ ಯಜಮಾನ ಒಬ್ಬನೇ.

ಹಾಡು: ಮದುವೆಯ ಮಟ್ಟಿನಿಂದ ಆಶುಗಾನದವರೆಗೆ

1939ರಲ್ಲಿ ‘ಎಂಬೂಬೆ’ಯನ್ನು ಮುದ್ರಿಸಿಕೊಳ್ಳಲಾಯಿತು. ಪಿಯಾನೊ, ಗಿಟಾರ್, ಬ್ಯಾಂಜೊಗಳ ಹಿಮ್ಮೇಳವಿತ್ತು. ಮೊದಲ ಎರಡು ಪ್ರಯತ್ನಗಳು ಸರಿಬರದೆ ಮೂರನೆಯದು ಅಂಗೀಕೃತವಾಯಿತು. ಹಾಡಿನ ಮೂಲ ಮಟ್ಟು ಲಿಂಡಾನ ಊರಿನ ಕಡೆ ಹೆಣ್ಣುಮಕ್ಕಳು ಮದುವೆಯಲ್ಲಿ ಹಾಡುತ್ತಿದ್ದ ಗೀತೆಯೊಂದರಿಂದ ಬಂದದ್ದೆಂದು ಸಂಶೋಧಕರು ತೋರಿಸಿದ್ದಾರೆ. ಕೆಲವೇ ಪದಗಳ ಪಲ್ಲವಿಯನ್ನು ಮೇಳದವರು ಮತ್ತೆ ಮತ್ತೆ ಹಾಡುತ್ತಾರೆ. ಅದರ ಮೇಲೆ ಲಿಂಡಾನ ತಾರಸ್ವರ ತೇಲುತ್ತದೆ. ಮೂರನೆಯ ಪ್ರಯತ್ನದ ಕೊನೆಯ ಭಾಗದಲ್ಲಿ, ಮೊದಲು ಎಲ್ಲಿಯೂ ಬಾರದ ಒಂದು ಸ್ವರಪಂಕ್ತಿಯನ್ನು ಅವನು ಸ್ಥಳದಲ್ಲಿಯೇ ಹೊಳೆದಂತೆ ಹಾಡಿದನು.

ಈ ವಿವರ ಇಡೀ ಪ್ರಕರಣದ ತಿರುಳು. ಹಾಡಿನಲ್ಲಿ ಎರಡು ಪದರಗಳಿವೆ. ಒಂದು ಸಮೂಹದಿಂದ ಬಂದ ಮದುವೆಯ ಮಟ್ಟು. ಇನ್ನೊಂದು ಒಬ್ಬ ವ್ಯಕ್ತಿ ಒಂದು ನಿರ್ದಿಷ್ಟ ದಿನ ಒಂದು ನಿರ್ದಿಷ್ಟ ಕೋಣೆಯಲ್ಲಿ ಸೇರಿಸಿದ ಸ್ವರಪಂಕ್ತಿ. 1961ರಲ್ಲಿ ಅಮೆರಿಕದ ‘ಟೋಕನ್ಸ್’ ತಂಡಕ್ಕಾಗಿ ಇಂಗ್ಲಿಷ್ ಮಾತುಗಳನ್ನು ಜೋಡಿಸಿದಾಗ, ಆ ಮಾತುಗಳು ಕುಳಿತದ್ದು ಲಿಂಡಾ ಕೊನೆಯಲ್ಲಿ ಹಾಡಿದ ಆ ಪಂಕ್ತಿಯ ಮೇಲೆ. ಜಗತ್ತಿನ ಮಕ್ಕಳು ಗುನುಗುವುದು ಅದನ್ನೇ. ಹಾಗಾಗಿ ಹಾಡಿನ ಬೇರು ಸಂಪ್ರದಾಯದಲ್ಲಿದೆ ಎಂಬ ವಾದವನ್ನು ಪೂರ್ತಿಯಾಗಿ ಒಪ್ಪಿಕೊಂಡರೂ, ಕೋಟ್ಯಂತರ ಹಣ ತಂದ ಭಾಗವು ಸಂಪ್ರದಾಯದ ಭಾಗವಲ್ಲ, ಲಿಂಡಾನ ಭಾಗ.

ಮುದ್ರಿಕೆ ದಕ್ಷಿಣ ಆಫ್ರಿಕಾದಲ್ಲಿ 1940ರ ದಶಕದ ಕೊನೆಯ ಹೊತ್ತಿಗೆ ಸುಮಾರು 1,00,000 ಪ್ರತಿಗಳಷ್ಟು ಮಾರಾಟವಾಯಿತೆಂದು ಅಂದಾಜಿದೆ. ಅದನ್ನು ಅನುಕರಿಸಿದ ತಂಡಗಳು ಎಷ್ಟು ಹುಟ್ಟಿಕೊಂಡವೆಂದರೆ, ಆ ಗಾಯನ ಶೈಲಿಗೇ ‘ಎಂಬೂಬೆ’ ಎಂಬ ಹೆಸರು ಬಂದಿತು. ಮುಂದೆ ‘ಇಸಿಕತಾಮಿಯಾ’ ಎಂದು ಪ್ರಸಿದ್ಧವಾದ ಮೇಳಗಾನಕ್ಕೆ ಇದು ಪೂರ್ವರೂಪ. ಒಬ್ಬನ ಹಾಡಿನ ಹೆಸರು ಒಂದು ಪ್ರಕಾರದ ಹೆಸರಾಯಿತು. ಪ್ರಕಾರದ ಹೆಸರಿನೊಳಗೆ ಹಾಡಿದವನ ಹೆಸರು ಕರಗಿತು. ಕರ್ತೃವು ಸಮೂಹದಲ್ಲಿ ಲೀನವಾಗುವ ಪ್ರಕ್ರಿಯೆಯನ್ನು ನಾವು ಗ್ರಂಥಗಳಲ್ಲಿ ಶತಮಾನಗಳ ಲೆಕ್ಕದಲ್ಲಿ ವಿವರಿಸುತ್ತೇವೆ. ಇಲ್ಲಿ ಅದು ಹತ್ತು ವರ್ಷಗಳಲ್ಲಿ, ಕರ್ತೃವಿನ ಕಣ್ಣೆದುರಿಗೇ ನಡೆದಿದೆ.

‘ಸಾಂಪ್ರದಾಯಿಕ’ ಎಂಬ ಹಣೆಪಟ್ಟಿ

1949ರ ಸುಮಾರಿಗೆ ಈ ಮುದ್ರಿಕೆ ಅಮೆರಿಕದ ಖ್ಯಾತ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್‌ನ ಕೈ ಸೇರಿತು. ಅವನು ಅದನ್ನು ತನ್ನ ಗೆಳೆಯ, ‘ವೀವರ್ಸ್’ ತಂಡದ ಗಾಯಕ ಪೀಟ್ ಸೀಗರ್‌ಗೆ ಕೊಟ್ಟನು. ಸೀಗರ್ ಕಿವಿಯಿಂದ ಕೇಳಿ ಸ್ವರ ಬರೆದುಕೊಂಡನು. ‘ನೀನು ಸಿಂಹ’ ಎಂಬ ಅರ್ಥದ ಜುಲು ಮಾತು ಅವನ ಕಿವಿಗೆ ‘ವಿಮೊವೆ’ ಎಂದು ಕೇಳಿಸಿತು. ಅದೇ ಹೆಸರಿನಲ್ಲಿ ವೀವರ್ಸ್ ತಂಡ 1951ರಲ್ಲಿ ಮುದ್ರಿಸಿದ ಹಾಡು ಮರುವರ್ಷ ಜನಪ್ರಿಯವಾಯಿತು. ಲೋಮ್ಯಾಕ್ಸ್ ಕೊಟ್ಟ ಮುದ್ರಿಕೆಯ ಮೇಲೆ ಲಿಂಡಾನ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ಆದರೆ ಓದಿದವರು ಅದನ್ನು ಹಾಡಿದವನ ಹೆಸರೆಂದು ಓದಿದರೇ ಹೊರತು ಕಟ್ಟಿದವನ ಹೆಸರೆಂದು ಓದಲಿಲ್ಲ.

ಅಮೆರಿಕದಲ್ಲಿ ಹಾಡು ‘ಪಾಲ್ ಕ್ಯಾಂಪ್‌ಬೆಲ್’ ಎಂಬ ಕರ್ತೃವಿನ ಹೆಸರಿನಲ್ಲಿ ನೋಂದಣಿಯಾಯಿತು. ಅಂಥ ಮನುಷ್ಯ ಇರಲಿಲ್ಲ. ಯಾರಿಗೂ ಸೇರದ ಸಾಂಪ್ರದಾಯಿಕ ಗೀತೆಗಳ ಹೊಸ ರೂಪಗಳಿಗೆ ಹಕ್ಕುಸ್ವಾಮ್ಯ ಪಡೆಯಲು ವೀವರ್ಸ್ ತಂಡದವರೂ ಅವರ ಪ್ರಕಾಶಕರೂ ಬಳಸುತ್ತಿದ್ದ ಕಲ್ಪಿತ ಹೆಸರು ಅದು. ಇದರ ತರ್ಕವನ್ನು ಬಿಡಿಸಿ ನೋಡಬೇಕು. ಹಾಡು ಜನಪದವೆಂದ ಮೇಲೆ ಅದಕ್ಕೆ ಒಡೆಯನಿಲ್ಲ. ಒಡೆಯನಿಲ್ಲದ ವಸ್ತುವನ್ನು ಮೊದಲು ಬರೆಸಿಕೊಂಡವನು ಒಡೆಯನಾಗುತ್ತಾನೆ. ಸಮೂಹದ ಗೌರವಾರ್ಥವಾಗಿ ವಿದ್ವಾಂಸರು ರೂಪಿಸಿದ ಪರಿಕಲ್ಪನೆಯೊಂದು ನೋಂದಣಿ ಕಚೇರಿಯಲ್ಲಿ ಸಮೂಹದ ಸ್ವತ್ತನ್ನು ಖಾಸಗಿಯಾಗಿ ಬರೆದುಕೊಡುವ ಪತ್ರವಾಗಿ ಪರಿವರ್ತಿತವಾಯಿತು.

ಇಲ್ಲಿ ಯಾರನ್ನೂ ಖಳರನ್ನಾಗಿ ಚಿತ್ರಿಸುವ ಅಗತ್ಯವಿಲ್ಲ. ಸೀಗರ್ ಜನಪರ ನಿಲುವಿನ ಕಲಾವಿದ. ಹಾಡಿಗೆ ಕರ್ತೃವಿದ್ದಾನೆಂದು ತಿಳಿದ ಮೇಲೆ ಲಿಂಡಾಗೆ 1,000 ಡಾಲರ್ ಕಳುಹಿಸಿದನು. ಮೊದಲೇ ಅವನೊಡನೆ ಸರಿಯಾದ ಕರಾರು ಮಾಡಿಕೊಳ್ಳದೆ ಇದ್ದುದಕ್ಕೆ ಮುಂದೆ ವಿಷಾದವನ್ನೂ ವ್ಯಕ್ತಪಡಿಸಿದನು. ಸದುದ್ದೇಶವುಳ್ಳವರ ಕೈಯಲ್ಲಿಯೂ ಒಂದು ತಪ್ಪು ವರ್ಗೀಕರಣ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಸಹಿಗಳು

ಹಾಡಿದ ದಿನವೇ 10 ಶಿಲಿಂಗಿಗೆ ಲಿಂಡಾ ಹಾಡನ್ನು ಮಾರಿದನೆಂದು ಜನಪ್ರಿಯ ಕಥನದಲ್ಲಿ ಬರುತ್ತದೆ. ಕಾನೂನಿನ ದೃಷ್ಟಿಯಿಂದ ಮುಖ್ಯವಾದದ್ದು 1952ರ ವರ್ಗಾವಣೆ ಪತ್ರ. ಹಾಡು ಅಮೆರಿಕದಲ್ಲಿ ಹಣ ತರತೊಡಗಿದ ಮೇಲೆ, ಅದರ ಹಕ್ಕುಗಳನ್ನು ಲಿಂಡಾ ಗ್ಯಾಲೊ ಕಂಪನಿಗೆ ಬರೆದುಕೊಟ್ಟನು. ಕಂಪನಿ ಅಮೆರಿಕದ ಪ್ರಕಾಶಕರೊಡನೆ ಹೊಂದಾಣಿಕೆ ಮಾಡಿಕೊಂಡು, ಆಫ್ರಿಕಾದ ಕೆಲವು ಪ್ರದೇಶಗಳ ನಿರ್ವಹಣೆಯನ್ನು ತಾನು ಉಳಿಸಿಕೊಂಡು ಅಮೆರಿಕವನ್ನು ಅವರಿಗೆ ಬಿಟ್ಟಿತು. ತನ್ನ ಯಜಮಾನ ಮುಂದಿಟ್ಟ ಕಾಗದಕ್ಕೆ ಸಹಿ ಹಾಕದೆ ಇರುವ ಸ್ವಾತಂತ್ರ್ಯ ವರ್ಣಭೇದ ನೀತಿಯ ಆ ದಿನಗಳಲ್ಲಿ ಒಬ್ಬ ಜುಲು ಕಾರ್ಮಿಕನಿಗೆ ಎಷ್ಟಿತ್ತು ಎಂಬುದನ್ನು ಕಾಗದ ಹೇಳುವುದಿಲ್ಲ.

1961ರಲ್ಲಿ ಜಾರ್ಜ್ ಡೇವಿಡ್ ವೈಸ್, ಹ್ಯೂಗೊ ಪೆರೆಟ್ಟಿ, ಲುಯಿಜಿ ಕ್ರಿಯಾಟೋರೆ ಎಂಬವರ ಹೆಸರಿನಲ್ಲಿ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಬಂದಿತು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮರುವರ್ಷ 1962ರಲ್ಲಿ ಲಿಂಡಾ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡನು. ಅವನ ಸಮಾಧಿಗೆ ಕಲ್ಲು ನಿಲ್ಲಿಸಲು ಮನೆಯವರಿಗೆ 18 ವರ್ಷ ಬೇಕಾಯಿತು.

ಅಮೆರಿಕದ ಆಗಿನ ಕಾನೂನಿನಂತೆ ಹಕ್ಕುಸ್ವಾಮ್ಯವನ್ನು 28 ವರ್ಷಗಳ ನಂತರ ನವೀಕರಿಸಬೇಕಿತ್ತು. ಕರ್ತೃ ತೀರಿಕೊಂಡಿದ್ದರೆ ನವೀಕರಣದ ಹಕ್ಕು ಹೆಂಡತಿ ಮಕ್ಕಳಿಗೆ ಸೇರುತ್ತಿತ್ತು. ಆದಕಾರಣ ಹಾಡಿನ ಮೇಲೆ ಹಕ್ಕು ಸಾಧಿಸುವವರಿಗೆ ಈ ಕುಟುಂಬದ ಸಹಿ ಬೇಕಾಯಿತು. 1980ರ ದಶಕದಲ್ಲಿ ಲಿಂಡಾನ ಹೆಂಡತಿಯೂ, 1990ರ ದಶಕದಲ್ಲಿ ಹೆಣ್ಣುಮಕ್ಕಳೂ ವರ್ಗಾವಣೆ ಪತ್ರಗಳಿಗೆ ಸಹಿ ಮಾಡಿದರು. ಜುಲು ಮಾತನಾಡುವ ಮನೆಗೆ ಇಂಗ್ಲಿಷ್ ಕಾನೂನಿನ ಕಾಗದಗಳು ಬಂದವು. ಇದೇ ಅವಧಿಯಲ್ಲಿ ಅಮೆರಿಕದ ಎರಡು ಪಕ್ಷಗಳು, ಅಂದರೆ ‘ವಿಮೊವೆ’ಯ ಪ್ರಕಾಶಕರು ಮತ್ತು 1961ರ ಗೀತೆಯ ಹಕ್ಕುದಾರರು, ಹಾಡು ಯಾರದೆಂದು ತಮ್ಮೊಳಗೆ ವ್ಯಾಜ್ಯ ನಡೆಸಿದರು. ಮಧ್ಯಸ್ಥಗಾರರ ತೀರ್ಪನ್ನು 1993ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಹಾಡು ಎರಡನೆಯ ಪಕ್ಷಕ್ಕೆ ಉಳಿಯಿತು. ಲಿಂಡಾನ ಕುಟುಂಬ ಆ ವ್ಯಾಜ್ಯದಲ್ಲಿ ಪಕ್ಷಗಾರನಾಗಿರಲಿಲ್ಲ. ಮರುವರ್ಷ, 1994ರಲ್ಲಿ, ಡಿಸ್ನಿ ಸಂಸ್ಥೆಯ ‘ದಿ ಲಯನ್ ಕಿಂಗ್’ ಚಲನಚಿತ್ರದಲ್ಲಿ ಹಾಡು ಬಳಕೆಯಾಯಿತು. 1997ರಲ್ಲಿ ಅದರ ರಂಗರೂಪದಲ್ಲಿಯೂ ಸೇರಿತು.

1911ರ ಒಂದು ಉಪಬಂಧ

2000ದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಈ ಇತಿಹಾಸವನ್ನು ವಿಸ್ತಾರವಾಗಿ ಬರೆದನು. ಹಾಡಿನ ಗಳಿಕೆಯನ್ನು ಅವನು ಒಂದೂವರೆ ಕೋಟಿ ಡಾಲರುಗಳಷ್ಟೆಂದು ಅಂದಾಜು ಮಾಡಿದನು. ಇದರಿಂದ ಪ್ರಕರಣ ಸಾರ್ವಜನಿಕ ಚರ್ಚೆಗೆ ಬಂದಿತು. ದಕ್ಷಿಣ ಆಫ್ರಿಕಾದ ಹಕ್ಕುಸ್ವಾಮ್ಯ ಕಾನೂನಿನ ತಜ್ಞ ಓವೆನ್ ಡೀನ್ ಕಾಗದಗಳನ್ನು ಪರಿಶೀಲಿಸಿದನು. ಮೇಲ್ನೋಟಕ್ಕೆ ದಾರಿ ಮುಚ್ಚಿತ್ತು. ಲಿಂಡಾ, ಅವನ ಹೆಂಡತಿ, ಅವನ ಮಕ್ಕಳು ಎಲ್ಲರೂ ಸಹಿ ಮಾಡಿಕೊಟ್ಟಾಗಿತ್ತು.

ದಾರಿ ತೆರೆದದ್ದು ಸಾಮ್ರಾಜ್ಯದ ಕಾಲದ ಒಂದು ಕಾನೂನು. ಬ್ರಿಟನ್ನಿನ 1911ರ ಹಕ್ಕುಸ್ವಾಮ್ಯ ಕಾಯಿದೆಯ 5ನೆಯ ಪ್ರಕರಣದಲ್ಲಿ ಒಂದು ಉಪಬಂಧವಿತ್ತು. ಅದರ ಸಾರ ಹೀಗಿದೆ: ಕರ್ತೃ ತನ್ನ ಜೀವಿತಕಾಲದಲ್ಲಿ ಹಕ್ಕನ್ನು ಯಾರಿಗೇ ಬರೆದುಕೊಟ್ಟಿರಲಿ, ಅವನು ಸತ್ತ 25 ವರ್ಷಗಳ ನಂತರ ಆ ವರ್ಗಾವಣೆ ನಿಂತುಹೋಗುತ್ತದೆ, ಹಕ್ಕು ಅವನ ಆಸ್ತಿಯ ಕಾನೂನುಬದ್ಧ ಪ್ರತಿನಿಧಿಗೆ ಮರಳುತ್ತದೆ. ಲೇಖಕರು ಬಡತನದಲ್ಲಿ ಹಕ್ಕು ಮಾರಿಕೊಂಡು ಅವರ ಮಕ್ಕಳು ಅನಾಥರಾಗಬಾರದೆಂಬ ಆಶಯ ಇದರ ಹಿಂದಿತ್ತು. ಕಾನೂನುತಜ್ಞರು ಇದನ್ನು ಚಾರ್ಲ್ಸ್ ಡಿಕನ್ಸ್‌ನ ಹೆಸರಿನಿಂದ ಕರೆಯುವ ವಾಡಿಕೆಯಿದೆ. ದಕ್ಷಿಣ ಆಫ್ರಿಕಾ 1916ರಲ್ಲಿ ಈ ಕಾನೂನನ್ನು ಅಂಗೀಕರಿಸಿತು. ಅದು 1965ರವರೆಗೆ ಜಾರಿಯಲ್ಲಿತ್ತು.

ಲಿಂಡಾ ತೀರಿಕೊಂಡದ್ದು 1962ರಲ್ಲಿ. ಅಲ್ಲಿಂದ 25 ವರ್ಷವೆಂದರೆ 1987. ಆ ವರ್ಷ, ಯಾರಿಗೂ ತಿಳಿಯದಂತೆ, ಹಿಂದಿನ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದ ದೇಶಗಳಲ್ಲಿ ಹಾಡಿನ ಹಕ್ಕು ಅವನ ಮನೆಯ ಕಡೆಗೆ ಮರಳಿತ್ತು. ಹೆಂಡತಿ ಮಕ್ಕಳ ಸಹಿಗಳ ಗತಿಯೇನು? ಹಕ್ಕು ಮರಳುವುದು ಆಸ್ತಿಯ ಪ್ರತಿನಿಧಿಗೆ, ನೇರವಾಗಿ ವಾರಸುದಾರರಿಗಲ್ಲ. ತಮ್ಮ ಕೈಗೆ ಬಾರದೆ ಇದ್ದ ಹಕ್ಕನ್ನು ಅವರು ಬರೆದುಕೊಡಲು ಸಾಧ್ಯವಿರಲಿಲ್ಲ ಎಂಬುದು ವಾದವಾಯಿತು. ಲಿಂಡಾನ ಆಸ್ತಿಗೆ ಒಬ್ಬ ನಿರ್ವಾಹಕನನ್ನು ನೇಮಿಸಲಾಯಿತು. ದಾವೆ ಅವನ ಹೆಸರಿನಲ್ಲಿ ದಾಖಲಾಯಿತು.

2004ರಲ್ಲಿ ದಕ್ಷಿಣ ಆಫ್ರಿಕಾದ ಸರ್ಕಾರದ ನೆರವು ಮತ್ತು ಗ್ಯಾಲೊ ಕಂಪನಿಯ ಬೆಂಬಲದೊಂದಿಗೆ ಡಿಸ್ನಿ ಸಂಸ್ಥೆಯ ವಿರುದ್ಧ ಮೊಕದ್ದಮೆ ಹೂಡಲಾಯಿತು. ಒಂದು ಕಾಲಕ್ಕೆ ಹಕ್ಕನ್ನು ಬರೆಸಿಕೊಂಡಿದ್ದ ಕಂಪನಿಯೇ ಈಗ ವಾರಸುದಾರರ ಬೆನ್ನಿಗೆ ನಿಂತದ್ದನ್ನು ಗಮನಿಸಬಹುದು. ವಿದೇಶಿ ಸಂಸ್ಥೆಯನ್ನು ಅಲ್ಲಿನ ನ್ಯಾಯಾಲಯದ ವ್ಯಾಪ್ತಿಗೆ ತರಲು, ದಕ್ಷಿಣ ಆಫ್ರಿಕಾದಲ್ಲಿ ನೋಂದಣಿಯಾಗಿದ್ದ ಡಿಸ್ನಿಯ 200ಕ್ಕೂ ಹೆಚ್ಚು ವ್ಯಾಪಾರ ಚಿಹ್ನೆಗಳನ್ನು ನ್ಯಾಯಾಲಯದ ಆದೇಶದಿಂದ ಜಪ್ತಿ ಮಾಡಲಾಯಿತು. ಸುಮಾರು 16 ಲಕ್ಷ ಡಾಲರ್ ಪರಿಹಾರ ಕೇಳಲಾಯಿತು. 2006ರ ಫೆಬ್ರವರಿಯಲ್ಲಿ, ವಿಚಾರಣೆ ಆರಂಭವಾಗುವ ಮೊದಲೇ, ಡಿಸ್ನಿಗೆ ಹಾಡನ್ನು ಬಳಸಲು ಅನುಮತಿ ಕೊಟ್ಟಿದ್ದ ಅಬಿಲೀನ್ ಮ್ಯೂಸಿಕ್ ಸಂಸ್ಥೆಯೊಡನೆ ರಾಜಿಯಾಯಿತು. ಹಿಂದಿನ ಬಳಕೆಗೆ ಹಣ, ಮುಂದಿನ ಬಳಕೆಗೆ ರಾಯಧನ, ಅದನ್ನು ನಿರ್ವಹಿಸಲು ಒಂದು ಟ್ರಸ್ಟ್ ಇವು ಒಪ್ಪಂದದ ಭಾಗಗಳು. ಜೊತೆಗೆ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಗೀತೆಯು ‘ಎಂಬೂಬೆ’ಯಿಂದ ಬಂದದ್ದೆಂದು ಒಪ್ಪಿಕೊಂಡು, ಲಿಂಡಾನನ್ನು ಸಹಕರ್ತೃವೆಂದು ಮಾನ್ಯಮಾಡಲಾಯಿತು.

ಇದನ್ನು ಪೂರ್ಣ ವಿಜಯವೆನ್ನಲು ಬರುವುದಿಲ್ಲ. ರಾಜಿಯಾದದ್ದರಿಂದ 1911ರ ಉಪಬಂಧದ ಬಗ್ಗೆ ನ್ಯಾಯಾಲಯ ಅಂತಿಮ ತೀರ್ಪು ಕೊಡುವ ಸಂದರ್ಭವೇ ಬರಲಿಲ್ಲ. ಆ ಉಪಬಂಧ ಅಮೆರಿಕಕ್ಕೆ ಅನ್ವಯಿಸುತ್ತಿರಲಿಲ್ಲ. ಹಾಡಿನ ದೊಡ್ಡ ಮಾರುಕಟ್ಟೆ ಅಲ್ಲಿಯೇ ಇತ್ತು. ಕರ್ತೃವಿನ ಮರಣಾನಂತರ 50 ವರ್ಷ ಎಂಬ ದಕ್ಷಿಣ ಆಫ್ರಿಕಾದ ಕಾನೂನಿನಂತೆ ಅಲ್ಲಿ ಹಾಡಿನ ಹಕ್ಕುಸ್ವಾಮ್ಯ 2012ರ ಕೊನೆಗೆ ಮುಗಿಯಿತು. 1987ರಿಂದ 2012ರವರೆಗಿನ 25 ವರ್ಷಗಳಲ್ಲಿ 19 ವರ್ಷಗಳು ಹಕ್ಕು ಮರಳಿದ್ದೇ ಮಾನ್ಯವಾಗದೆ ಕಳೆದುಹೋಗಿದ್ದವು.

ಕನ್ನಡ ಜಾನಪದಕ್ಕೆ ಈ ಪ್ರಕರಣದ ಪ್ರಸ್ತುತತೆ

1911ರ ಕಾಯಿದೆ ನಮಗೆ ಪರಕೀಯವಲ್ಲ. ಬ್ರಿಟಿಷ್ ಭಾರತದಲ್ಲಿ 1914ರ ಕಾಯಿದೆಯ ಮೂಲಕ ಅದೇ ಕಾನೂನು ಜಾರಿಗೆ ಬಂದಿತ್ತು. ಸ್ವತಂತ್ರ ಭಾರತದ 1957ರ ಕಾಯಿದೆ ಬರುವವರೆಗೆ ಅದು ನಡೆಯಿತು. ಗ್ರಾಮಫೋನ್ ಕಂಪನಿಗಳು ನಮ್ಮ ರಂಗಗೀತೆ, ಲಾವಣಿ, ಭಕ್ತಿಗೀತೆಗಳನ್ನು ಮುದ್ರಿಸಿದ ಮೊದಲ ದಶಕಗಳು ಈ ಅವಧಿಗೇ ಸೇರುತ್ತವೆ.

ಈಗಿನ ಕಾನೂನಿನಲ್ಲಿಯೂ ಜಾನಪದ ವಿದ್ವಾಂಸರು ತಿಳಿದಿರಬೇಕಾದ ಅಂಶಗಳಿವೆ. 1994ರ ತಿದ್ದುಪಡಿಯು ಪ್ರದರ್ಶಕರಿಗೆ ಹಕ್ಕನ್ನು ಕೊಟ್ಟಿತು. ಪ್ರದರ್ಶಕ ಎಂಬ ಪದದ ವ್ಯಾಖ್ಯೆಯಲ್ಲಿ ಗಾಯಕ, ನರ್ತಕರ ಜೊತೆಗೆ ದೊಂಬರಾಟದವನೂ ಹಾವಾಡಿಗನೂ ಸೇರಿದ್ದಾರೆ. ಶುದ್ಧ ಬೋಧನೆ ಅಥವಾ ಸಂಶೋಧನೆಗಾಗಿ ಮಾಡಿದ ಧ್ವನಿಮುದ್ರಣಕ್ಕೆ ಕಾಯಿದೆಯ 39ನೆಯ ಪ್ರಕರಣ ವಿನಾಯಿತಿ ಕೊಡುತ್ತದೆ. ಅಂದರೆ ಕ್ಷೇತ್ರಕಾರ್ಯದ ನಮ್ಮ ಮುದ್ರಿಕೆಗಳು ಸಂಶೋಧನೆಯಾಗಿ ಇರುವವರೆಗೆ ನಾವು ಸುರಕ್ಷಿತರು. ಅದೇ ಮುದ್ರಿಕೆ ಕ್ಯಾಸೆಟ್ಟಾಗಿ, ಸಿ.ಡಿ.ಯಾಗಿ, ಚಲನಚಿತ್ರದ ಹಾಡಾಗಿ ಮಾರುಕಟ್ಟೆಗೆ ಹೋದಾಗ ಆ ವಿನಾಯಿತಿ ಜೊತೆಗೆ ಹೋಗುವುದಿಲ್ಲ. 2012ರ ತಿದ್ದುಪಡಿಯು ಚಲನಚಿತ್ರ ಮತ್ತು ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ, ಸಂಗೀತ ಕೃತಿಗಳ ಕರ್ತೃಗಳಿಗೆ ರಾಯಧನದ ಪಾಲನ್ನು ಖಾತರಿಪಡಿಸಿತು. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕಲ್ಲದೆ ಬೇರೆಯವರಿಗೆ ಅದನ್ನು ಬರೆದುಕೊಡಲು ಬರುವುದಿಲ್ಲ. ಲಿಂಡಾನ ಕಾಲಕ್ಕೆ ಇಂಥ ನಿಯಮ ಇದ್ದಿದ್ದರೆ 10 ಶಿಲಿಂಗಿನ ಕಥೆ ಹುಟ್ಟುತ್ತಿರಲಿಲ್ಲ. ಆದರೆ ಈ ರಕ್ಷಣೆ ದೊರೆಯುವುದು ಕರ್ತೃವೆಂದು ಗುರುತಿಸಲ್ಪಟ್ಟವನಿಗೆ. ಸಂಗ್ರಾಹಕನು ‘ಸಾಂಪ್ರದಾಯಿಕ’ ಎಂದು ಬರೆದ ಕ್ಷಣದಲ್ಲಿ ಆ ಬಾಗಿಲು ಮುಚ್ಚುತ್ತದೆ.

ಕನ್ನಡದ ಮೌಖಿಕ ಪರಂಪರೆಗೆ ಈ ಸಮಸ್ಯೆಯ ಅರಿವು ಬಹಳ ಹಿಂದಿನಿಂದ ಇದೆ. ತತ್ವಪದಕಾರರು ಕೊನೆಯ ನುಡಿಯಲ್ಲಿ ಅಂಕಿತವಿಡುತ್ತಾರೆ. ಲಾವಣಿಕಾರರು ತಮ್ಮ ಹೆಸರನ್ನೂ ಊರನ್ನೂ ಗುರುವನ್ನೂ ಕೊನೆಯ ಚೌಕದಲ್ಲಿ ಹೇಳುತ್ತಾರೆ. ಶಿಶುನಾಳ ಷರೀಫರ ಪದಗಳು ಎಷ್ಟು ಬಾಯಿಗಳನ್ನು ದಾಟಿ, ಎಷ್ಟು ಪಾಠಾಂತರ ಪಡೆದರೂ ಅಂಕಿತ ಅಳಿದಿಲ್ಲ. ಹಾಡು ಎಲ್ಲರದೂ ಆಗಬಹುದು, ಅದರೊಳಗೆ ಕಟ್ಟಿದವನ ಹೆಸರೂ ಉಳಿಯಬಹುದು ಎಂಬುದನ್ನು ಅಂಕಿತದ ಪದ್ಧತಿ ಸಾಧಿಸಿ ತೋರಿಸಿದೆ. ಸಮೂಹ ಮತ್ತು ಕರ್ತೃ ಪರಸ್ಪರ ವಿರುದ್ಧವೆಂಬ ಕಲ್ಪನೆಯನ್ನು ನಾವು ಪುಸ್ತಕಗಳಿಂದ ಕಲಿತೆವು. ಹಾಡುವವರು ಅದನ್ನು ಒಪ್ಪಿಕೊಂಡಿರಲಿಲ್ಲ. ಆದರೆ ಅಂಕಿತವಿಲ್ಲದ ಪ್ರಕಾರಗಳೂ ಇವೆ. ಸೋಬಾನೆ, ಬೀಸುವ ಪದ, ಕುಟ್ಟುವ ಪದ, ಜೋಗುಳಗಳಲ್ಲಿ ಹೆಸರಿಡುವ ಪದ್ಧತಿಯಿಲ್ಲ. ಇವುಗಳಲ್ಲಿ ಬಹುಪಾಲು ಹೆಂಗಸರ ಹಾಡುಗಳು ಎಂಬುದು ಆಕಸ್ಮಿಕವಾಗಿರಲಾರದು. ಲಿಂಡಾನ ಹಾಡಿನ ತಳದಲ್ಲಿದ್ದ ಮದುವೆಯ ಮಟ್ಟನ್ನು ಹಾಡುತ್ತಿದ್ದ ಎಂಸಿಂಗಾದ ಹೆಣ್ಣುಮಕ್ಕಳ ಹೆಸರು ಯಾವ ದಾವೆಯಲ್ಲಿಯೂ ಬಂದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಈ ಮಾತನ್ನು ಬರೆಯುವಾಗ ನನ್ನ ಸ್ವಂತ ಅನುಭವವೊಂದನ್ನು ಮುಚ್ಚಿಡುವುದು ಸರಿಯಲ್ಲ. ಪಿಎಚ್.ಡಿ. ಅಧ್ಯಯನದ ಕ್ಷೇತ್ರಕಾರ್ಯಕ್ಕಾಗಿ ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಸೋಬಾನೆ ಪದಗಳನ್ನು ಮುದ್ರಿಸಿಕೊಳ್ಳುತ್ತಿದ್ದೆ. ವಯಸ್ಸಾದ ಒಬ್ಬ ತಾಯಿ ಹಾಡು ಮುಗಿಸಿ ಹೇಳಿದರು: “ಕಡೀ ನಾಲ್ಕು ನುಡಿ ನಮ್ಮವ್ವ ಕಟ್ಟಿದ್ದರಿ ಸರ. ಅಕೀ ಹೆಸರೂ ಬರಕೋರಿ.” ನಾನು ತಲೆಯಾಡಿಸಿದೆ. ಅವರ ತಾಯಿಯ ಹೆಸರನ್ನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಗೀಚಿಯೂ ಗೀಚಿದೆ. ಮಹಾಪ್ರಬಂಧದ ಅನುಬಂಧದಲ್ಲಿ ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು ಎಂಬ ಅಂಕಣಗಳಿದ್ದವು. ಕರ್ತೃ ಎಂಬ ಅಂಕಣ ಇರಲಿಲ್ಲ. ಗೀತೆಯ ಕೆಳಗೆ ‘ಸಾಂಪ್ರದಾಯಿಕ’ ಎಂದು ಬೆರಳಚ್ಚು ಮಾಡಿಸಿದೆ. ಕೆಲವು ವರ್ಷಗಳ ನಂತರ ಅದೇ ನಾಲ್ಕು ನುಡಿಗಳನ್ನು ಯಾವುದೋ ಜಾತ್ರೆಯ ಧ್ವನಿವರ್ಧಕದಲ್ಲಿ, ವಾದ್ಯಗಳ ಅಬ್ಬರದ ನಡುವೆ ಕೇಳಿದೆ. ಅವು ಅಲ್ಲಿಗೆ ನನ್ನ ಪ್ರಬಂಧದಿಂದಲೇ ಹೋದವೆಂದು ಹೇಳಲಾರೆ. ಆದರೆ ಆ ನುಡಿಗಳಿಗೆ ಕರ್ತೃವಿಲ್ಲ ಎಂದು ಕನ್ನಡದಲ್ಲಿ ಮೊದಲು ಬರೆದವನು ನಾನೇ. ಮನೆಗೆ ಬಂದು ಹಳೆಯ ಟಿಪ್ಪಣಿ ಪುಸ್ತಕ ಹುಡುಕಿದೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಹೆಸರು ಓದಲಾಗದಷ್ಟು ಮಾಸಿತ್ತು. ಹೇಳಿದ ತಾಯಿ ಆ ಹೊತ್ತಿಗೆ ಬದುಕಿರಲಿಲ್ಲ.

ಉಪಸಂಹಾರ

ಲಿಂಡಾ ಪ್ರಕರಣದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಸಾಂಪ್ರದಾಯಿಕ ಮೂಲ ಮತ್ತು ವೈಯಕ್ತಿಕ ಕರ್ತೃತ್ವ ಒಂದೇ ಹಾಡಿನಲ್ಲಿ ಕೂಡಿರಬಹುದು. ಮೂಲವನ್ನು ಗುರುತಿಸುವುದು ಕರ್ತೃವನ್ನು ನಿರಾಕರಿಸುವುದಕ್ಕೆ ಆಧಾರವಾಗಬಾರದು. ಎರಡನೆಯದಾಗಿ, ‘ಸಾಂಪ್ರದಾಯಿಕ’ ಎಂಬುದು ಬರಿಯ ವಿವರಣೆಯಲ್ಲ. ಹಕ್ಕಿನ ಮೇಲೆ ಪರಿಣಾಮ ಬೀರುವ ಹೇಳಿಕೆ. ವಿಚಾರಿಸಿ, ಕರ್ತೃ ಯಾರೆಂದು ಹಾಡಿದವರಿಗೂ ತಿಳಿಯದೆಂದು ಖಚಿತವಾದ ಮೇಲೆ ಮಾತ್ರ ಅದನ್ನು ಬರೆಯಬೇಕು. ಮೂರನೆಯದಾಗಿ, ಆಶುವಾಗಿ ಸೇರಿಸಿದ ನುಡಿ, ಬದಲಿಸಿದ ಮಟ್ಟು ಯಾರದೆಂದು ಕೇಳುವ ಪ್ರಶ್ನೆ ನಮ್ಮ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಸೇರಬೇಕು. ವಕ್ತೃವಿನ ಪಕ್ಕದಲ್ಲಿ ಕರ್ತೃವಿಗೂ ಒಂದು ಅಂಕಣ ಬೇಕು. ನಾಲ್ಕನೆಯದಾಗಿ, ಧ್ವನಿಮುದ್ರಣ ಭಂಡಾರಗಳನ್ನು ಹೊಂದಿರುವ ವಿಶ್ವವಿದ್ಯಾಲಯ, ಅಕಾಡೆಮಿಗಳು ಹಳೆಯ ಮುದ್ರಿಕೆಗಳ ಜೊತೆಗಿರುವ ಟಿಪ್ಪಣಿಗಳನ್ನು ಅಳಿಯುವ ಮೊದಲೇ ಪ್ರತಿ ಮಾಡಿಸಿ, ಹೇಳಿದವರ ಕುಟುಂಬಗಳಿಗೆ ತಲಪಿಸುವ ಕೆಲಸ ಕೈಗೊಳ್ಳಬೇಕು.

ಲಿಂಡಾನ ವಾರಸುದಾರರಿಗೆ ನ್ಯಾಯ ದೊರೆಯಲು ಅವನ ಹೆಸರು ಒಂದು ಮುದ್ರಿಕೆಯ ಮೇಲೆ ಅಚ್ಚಾಗಿ ಉಳಿದದ್ದು ಕಾರಣವಾಯಿತು. ಆ ಹೆಸರು ಇಲ್ಲದಿದ್ದರೆ 1911ರ ಕಾನೂನಿನ ಉಪಬಂಧವೂ ಓವೆನ್ ಡೀನನ ಪಾಂಡಿತ್ಯವೂ ನಿಲ್ಲಲು ನೆಲೆ ಸಿಗುತ್ತಿರಲಿಲ್ಲ. ನಮ್ಮ ಭಂಡಾರಗಳಲ್ಲಿರುವ ಸಾವಿರಾರು ಹಾಡುಗಳಿಗೆ ಅಷ್ಟೂ ಆಧಾರ ಉಳಿದಿಲ್ಲ. ಇನ್ನು ಮುಂದೆ ಸಂಗ್ರಹಿಸುವವುಗಳಿಗಾದರೂ ಅದನ್ನು ಉಳಿಸುವುದು ನಮ್ಮ ಕೈಯಲ್ಲಿದೆ.